ಪರದೆ ಬಟ್ಟೆ ಕೊಳ್ಳುವ ಮುಂಚೆ ಪನ್ನಾ ಕೇಳಿ

ಕಲಬುರಗಿಯ ಏಪ್ರಿಲ್ ಬಿಸಿಲು ಪಡುವಣ ಕಿಟಕಿಯಿಂದ ಒಳಗೆ ಬಂತೆಂದರೆ ಮಧ್ಯಾಹ್ನ ಮೂರರ ಮೇಲೆ ಆ ಕೋಣೆಯಲ್ಲಿ ಕೂರುವ ಹಾಗೇ ಇಲ್ಲ. ಪರದೆ ಹಾಕೋಣ ಅಂತ ನಮ್ಮ ಪೇಟೆ ಸೂಪರ್ ಮಾರ್ಕೆಟ್ ಕಡೆ ಹೋದರೆ ಅಂಗಡಿಯವರ ಮೊದಲ ಮಾತೇ "ಎಷ್ಟು ಮೀಟರ್ ಬೇಕ್ರಿ?" ಲೆಕ್ಕ ಗೊತ್ತಿಲ್ಲದಿದ್ದರೆ ಅವರು ಹರಿದು ಕೊಟ್ಟಷ್ಟೇ.

ನೀವು ಮೊದಲು ಪನ್ನಾ ಕೇಳಿ. ಪನ್ನಾ ಅಂದರೆ ಬಟ್ಟೆಯ ಅಗಲ. ಪರದೆ ಬಟ್ಟೆ ಹೆಚ್ಚಾಗಿ 48 ಅಥವಾ 54 ಇಂಚಿನದು ಸಿಗುತ್ತದೆ. ಕಿಟಕಿ 4 ಅಡಿ ಅಗಲ ಇದ್ದರೆ ಬಟ್ಟೆ 8 ಅಡಿ ಬೇಕು. ಇಮ್ಮಡಿ ಇಲ್ಲದಿದ್ದರೆ ನೆರಿಗೆ ಬೀಳುವುದಿಲ್ಲ, ಬೆಡ್‌ಶೀಟ್ ಒಣಹಾಕಿದಂತೆ ಕಾಣುತ್ತದೆ. 8 ಅಡಿ ಅಂದರೆ 96 ಇಂಚು. 48ರ ಪನ್ನಾದಲ್ಲಿ ಎರಡು ತುಂಡು. ಪರದೆ 60 ಇಂಚು ಇಳಿಯಬೇಕಿದ್ದರೆ ಮೇಲಿನ ಮಡಿಕೆಗೆ 4, ಕೆಳಗಿನದಕ್ಕೆ 6 ಸೇರಿಸಿ. ಎರಡು ತುಂಡಿಗೆ 140 ಇಂಚು, ಮೂರೂವರೆ ಮೀಟರ್‌ಗಿಂತ ಚೂರು ಜಾಸ್ತಿ. ಕಾಟನ್ ಆದರೆ 4 ಮೀಟರ್ ತನ್ನಿ.

ಯಾಕಂದರೆ ಕಾಟನ್ ಕುಗ್ಗುತ್ತದೆ. ನಾನು ನೆನೆಸದೆ ಸುಮ್ನೆ ಹೊಲಿಸಿದ್ದೆ. ಒಂದೇ ಒಗೆತಕ್ಕೆ ಪರದೆ ಕಿಟಕಿ ಕಟ್ಟೆಯಿಂದ ಮೂರು ಬೆರಳು ಮೇಲೆ ಹೋಗಿ ನಿಂತಿತು. ಬಿಸಿಲು ಆ ಸಂದಿಯಿಂದಲೇ ಮಂಚದ ಮೇಲೆ ಬರುತ್ತಿತ್ತು. ರಾತ್ರಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿ ಹಾಕಿ.

ಕಾಟನ್ನೇ ಹೌದಾ ಅನ್ನುವ ಅನುಮಾನ ಇದ್ದರೆ ಒಂದು ಎಳೆ ಕಿತ್ತು ಸುಡಿ. ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ ಬಂದರೆ ಕಾಟನ್. ಕರಗಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್. ಎರಡೂ ಕಂಡರೆ ಮಿಕ್ಸ್.

ಉದ್ದಕ್ಕೆ ಓಡುವ ನೂಲು ಹಾಸು, ಅಡ್ಡಕ್ಕೆ ಓಡುವುದು ಹೊಕ್ಕು. ಹಾಸು ಮೇಲಿಂದ ಕೆಳಗೆ ಇಳಿಯುವಂತೆ ಕತ್ತರಿಸಿ. ಸಾದಾ ಕಾಟನ್‌ನಲ್ಲಿ ಹೊಕ್ಕಿನ ಒಂದೇ ಎಳೆಯನ್ನು ಮೆಲ್ಲಗೆ ಎಳೆದರೆ ಸಣ್ಣ ಗೆರೆ ಮೂಡುತ್ತದೆ. ಕತ್ತರಿ ಅದರ ಮೇಲೇ ಹೋಗಲಿ. ಸ್ಕೇಲ್ ತಪ್ಪಬಹುದು, ಎಳೆ ತಪ್ಪುವುದಿಲ್ಲ. ನಮ್ಮ ಕಡೆ ಕೌದಿ ಹೊಲಿಯುವವರಿಗೆ ಇದನ್ನೆಲ್ಲ ಹೇಳಿಕೊಡಬೇಕಿಲ್ಲ ಬಿಡಿ.

ಪಡುವಣ ಕಿಟಕಿಗೆ ಅಸ್ತರ್, ಅಂದರೆ ಪರದೆಯ ಹಿಂದೆ ಹೊಲಿಯುವ ಇನ್ನೊಂದು ಪದರ, ಬೇಕೇ ಬೇಕು. ತಿಳಿ ಬಣ್ಣದ್ದು, ಹೊರಮುಖಕ್ಕೆ. ಅಸ್ತರ್ ಇದ್ದರೆ ಮುಂದಿನ ಬಟ್ಟೆಯ ಬಣ್ಣವೂ ಬೇಗ ಹೋಗುವುದಿಲ್ಲ. ಅದನ್ನೂ ನೆನೆಸಿ, ಇಲ್ಲವಾದರೆ ಒಗೆದಾಗ ಒಂದೇ ಪದರ ಕುಗ್ಗಿ ಪರದೆ ಸೊಟ್ಟ ಆಗುತ್ತದೆ.

ಮೇಲೆ ಐಲೆಟ್, ಅಂದರೆ ರಾಡ್ ತೂರಿಸುವ ಬಳೆ ಹಾಕಿಸುವುದಾದರೆ ಒಂದೊಂದು ತುಂಡಿಗೂ ಸಮಸಂಖ್ಯೆ ಇರಲಿ: 8 ಅಥವಾ 10. ಬೆಸ ಆದರೆ ಒಂದು ಅಂಚು ಗೋಡೆ ಕಡೆ, ಇನ್ನೊಂದು ನಿಮ್ಮ ಕಡೆ ತಿರುಗಿಕೊಳ್ಳುತ್ತದೆ.