ಮುಚ್ಚಿದ ಪಾರ್ಲರಿನ ಗೇಮ್ ಮಷೀನ್ ಸಿಕ್ಕಿದರೆ: ಮತ್ತೆ ಚಾಲೂ ಮಾಡುವ ಕ್ರಮ

ವಿಡಿಯೋ ಗೇಮ್ ಪಾರ್ಲರ್ ಮುಚ್ಚಿ ಎಷ್ಟೋ ವರ್ಷಗಳಾದ ಮೇಲೆ ಯಾವುದೋ ಗೋಡೌನಿನಲ್ಲೋ ಗುಜರಿಯಲ್ಲೋ ಒಂದು ಮಷೀನ್ ಸಿಗುತ್ತದೆ. ಸನ್‌ಮೈಕ ಅಂಚಿನಲ್ಲಿ ಎದ್ದಿರುತ್ತದೆ, ಹ್ಯಾಂಡಲ್ಲಿನ ತಲೆಯ ಗುಂಡು ಕಳೆದಿರುತ್ತದೆ, ಟೋಕನ್ ಪೆಟ್ಟಿಗೆಯ ಬೀಗ ಒಡೆದಿರುತ್ತದೆ. ಮನೆಗೆ ತಂದ ಎಷ್ಟೋ ಮಂದಿ ಒಳಗಿನದ್ದೆಲ್ಲ ಕಿತ್ತೆಸೆದು ಎಲ್‌ಸಿಡಿ ಪರದೆ, ಪುಟ್ಟ ಕಂಪ್ಯೂಟರ್ ಕೂರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಚಿಕ್ಕಂದಿನಲ್ಲಿ ಮಕ್ಕಳು ಮುಗಿಬಿದ್ದು ನಿಂತದ್ದು ಆ ಪಿಕ್ಚರ್ ಟ್ಯೂಬಿನ ಹೊಳಪಿಗೆ, ಹ್ಯಾಂಡಲ್ ಎಳೆದಾಗ ಬರುವ ಟಿಕ್ ಸದ್ದಿಗೆ. ಅವೆರಡನ್ನೂ ಉಳಿಸಿಕೊಂಡೇ ದುರಸ್ತಿ ಮಾಡಬಹುದು.

ಮೊದಲ ಮಾತು: ತಂದ ದಿನವೇ ಪ್ಲಗ್ ಹಾಕಬೇಡಿ. ಹಿಂಬಾಗಿಲು ತೆಗೆದು ಟಾರ್ಚ್ ಬಿಟ್ಟು ನೋಡಿ. ಪ್ಲೈವುಡ್ಡಿನ ತಳಭಾಗವನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ. ಮೆತ್ತಗೆ ಒಳಗಿಳಿದರೆ ಗೆದ್ದಲು ಹಿಡಿದಿದೆ, ಆ ಹಲಗೆ ಬದಲಿಸದೆ ಮುಂದೆ ಹೋಗಬೇಡಿ. ಕರಾವಳಿ ಕಡೆಯ ಮಷೀನಾದರೆ ಕಬ್ಬಿಣದ ಮೊಳೆ, ಕೀಲು ಎಲ್ಲ ತುಕ್ಕು ಹಿಡಿದಿರುತ್ತವೆ. ಇಲಿ ಕಡಿದ ವೈರು, ಜಿರಳೆ ಗೂಡು, ಉಬ್ಬಿದ ಕೆಪಾಸಿಟರ್ ಇವನ್ನು ಫೋಟೋ ತೆಗೆದಿಡಿ. ಯಾವ ವೈರು ಎಲ್ಲಿಗೆ ಹೋಗುತ್ತಿತ್ತು ಎಂಬುದಕ್ಕೆ ಮುಂದೆ ಆ ಫೋಟೋವೇ ಆಧಾರ.

ಎರಡನೆಯದು ಟ್ಯೂಬು. ಬಣ್ಣದ ಪಿಕ್ಚರ್ ಟ್ಯೂಬಿನಲ್ಲಿ ರಬ್ಬರ್ ಟೋಪಿಯ ಅಡಿಯಿರುವ ಹೈ ವೋಲ್ಟೇಜ್ ಜೋಡಣೆ, ಅಂದರೆ ಆನೋಡ್‌ನಲ್ಲಿ 20,000ದಿಂದ 25,000 ವೋಲ್ಟ್ ಇರುತ್ತದೆ. ಪ್ಲಗ್ ತೆಗೆದ ಮೇಲೂ ಆ ಚಾರ್ಜ್ ಒಳಗೇ ಉಳಿದಿರಬಹುದು. 230 ವೋಲ್ಟ್ ನೇರವಾಗಿ ಡಿಸಿ ಆಗುವ ಬೋರ್ಡ್‌ನಲ್ಲಿ ದೊಡ್ಡ ಫಿಲ್ಟರ್ ಕೆಪಾಸಿಟರ್ ಸುಮಾರು 325 ವೋಲ್ಟ್ ಹಿಡಿದಿಟ್ಟುಕೊಂಡಿರುತ್ತದೆ. ಟ್ಯೂಬಿನ ಚಾರ್ಜ್ ಇಳಿಸುವ ಕ್ರಮ ಹೀಗೆ: ಪ್ಲಗ್ ಕಿತ್ತು ಕಣ್ಣೆದುರೇ ಇಟ್ಟುಕೊಳ್ಳಿ. ಉದ್ದ ಹಿಡಿಯ ಚಪ್ಪಟೆ ಸ್ಕ್ರೂಡ್ರೈವರಿನ ಕಬ್ಬಿಣಕ್ಕೆ ಕ್ಲಿಪ್ ವೈರಿನ ಒಂದು ತುದಿ ಕಚ್ಚಿಸಿ, ಇನ್ನೊಂದು ತುದಿಯನ್ನು ಟ್ಯೂಬಿನ ಹಿಂಬದಿಯ ಕಪ್ಪು ಲೇಪನವನ್ನು ಸುತ್ತುವ ತಾಮ್ರದ ಹೆಣೆದ ತಂತಿಗೆ ಕಚ್ಚಿಸಿ. ಸರ್ಕ್ಯೂಟ್ ಬೋರ್ಡಿನ ಗ್ರೌಂಡಿಗೆ ಕಚ್ಚಿಸಬೇಡಿ, ಐಸಿ ಸುಟ್ಟುಹೋಗುತ್ತದೆ. ಒಂದು ಕೈ ಬೆನ್ನ ಹಿಂದೆ ಇರಲಿ. ಇನ್ನೊಂದು ಕೈಯಿಂದ ಸ್ಕ್ರೂಡ್ರೈವರನ್ನು ಆನೋಡ್ ರಬ್ಬರ್ ಟೋಪಿಯ ಅಡಿಗೆ ತೂರಿಸಿ ಒಳಗಿನ ಲೋಹಕ್ಕೆ ಮುಟ್ಟಿಸಿ. ಚಟ್ ಎಂದರೆ ಚಾರ್ಜ್ ಇಳಿಯಿತು. ಐದು ನಿಮಿಷ ಬಿಟ್ಟು ಮತ್ತೊಮ್ಮೆ ಹೀಗೇ ಮಾಡಿ, ಗಾಜು ತಾನೇ ಸ್ವಲ್ಪ ಚಾರ್ಜ್ ಮರಳಿ ಕೊಡುತ್ತದೆ. ಟ್ಯೂಬಿನ ಸಪೂರ ಕುತ್ತಿಗೆಗೆ ಏನೂ ತಗಲದಂತೆ ನೋಡಿಕೊಳ್ಳಿ. ಅದು ಒಡೆದರೆ ಟ್ಯೂಬು ಹೋಯಿತು, ಹೊಸದು ಸಿಗುವುದು ತೀರಾ ಕಷ್ಟ. ಈ ಕೆಲಸ ಹೊಸದಾದರೆ ಊರಿನ ಹಳೆಯ ಟಿವಿ ಮೆಕ್ಯಾನಿಕ್ ಒಬ್ಬರನ್ನು ಕರೆದು ಮಾಡಿಸಿ. ಅವರಿಗೆ ಇದು ಅಭ್ಯಾಸದ ಕೆಲಸ, ಪಕ್ಕದಲ್ಲಿ ನಿಂತು ಕಲಿಯಬಹುದು.

ಈಗ ಕರೆಂಟಿನ ವಿಚಾರ. ನಮ್ಮಲ್ಲೇ ಬಡಗಿಗಳಿಂದ ಮಾಡಿಸಿದ ಪೆಟ್ಟಿಗೆಗಳಲ್ಲಿ ಸಾಮಾನ್ಯ ಟಿವಿ ಚಾಸಿ (ಟ್ಯೂಬು ನಡೆಸುವ ಸರ್ಕ್ಯೂಟ್ ಬೋರ್ಡು) ಕೂರಿಸಿರುವುದುಂಟು. ಅಂಥ ಕೆಲವು ಚಾಸಿಗಳಲ್ಲಿ ಗ್ರೌಂಡೇ ಮೇನ್ಸಿಗೆ ಸೇರಿಕೊಂಡಿರುತ್ತದೆ; ಗೇಮ್ ಬೋರ್ಡ್ ಅದಕ್ಕೆ ಜೋಡಿಸಿದರೆ ಬೋರ್ಡೂ ಹೋಗುತ್ತದೆ, ಆಡುವವರಿಗೂ ಶಾಕ್ ಹೊಡೆಯುತ್ತದೆ. ಪರೀಕ್ಷೆ ಸುಲಭ: ಪ್ಲಗ್ ಹೊರಗಿದ್ದಾಗ ಮಲ್ಟಿಮೀಟರಿನಲ್ಲಿ ಪ್ಲಗ್ಗಿನ ಫೇಸ್, ನ್ಯೂಟ್ರಲ್ ಪಿನ್ನುಗಳಿಗೂ ಚಾಸಿಯ ಸಿಗ್ನಲ್ ಗ್ರೌಂಡಿಗೂ ಕಂಟಿನ್ಯುಟಿ, ಅಂದರೆ ನೇರ ಸಂಪರ್ಕ ಇದೆಯೇ ನೋಡಿ. ಯಾವ ಸಂಬಂಧವೂ ಕಾಣಬಾರದು. ಕಂಡರೆ ನಡುವೆ ಮೇನ್ಸಿನಿಂದ ಚಾಸಿಯನ್ನು ಬೇರ್ಪಡಿಸುವ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇರಲೇಬೇಕು. ಜಪಾನಿನಿಂದ ಬಂದ ಮಾನಿಟರಾದರೆ ಅದು 100 ವೋಲ್ಟಿನದು, ನೇರ 230ಕ್ಕೆ ಸಿಕ್ಕಿಸಿದರೆ ಮೊದಲ ಕ್ಷಣದಲ್ಲೇ ಸುಡುತ್ತದೆ. ಹ್ಯಾಂಡಲ್ ಕೂರಿಸಿದ ಲೋಹದ ತಗಡಿಗೆ ಅರ್ತಿಂಗ್ ವೈರು ಕೊಡಿ, ಮೂರು ಪಿನ್ನಿನ ಪ್ಲಗ್ಗೇ ಹಾಕಿ.

ಗೇಮ್ ಬೋರ್ಡು ಪೆಟ್ಟಿಗೆಯ ಪ್ರಾಣ. 1985ರಲ್ಲಿ ಜಪಾನಿನಲ್ಲಿ ಜಾಮಾ ಎಂಬ ವೈರಿಂಗ್ ಪದ್ಧತಿ ಬಂತು. ಮುಂದೆ ಬಂದ ಬೋರ್ಡುಗಳಲ್ಲಿ ಬಹುಪಾಲು ಅದನ್ನೇ ಪಾಲಿಸುತ್ತವೆ, ಹಾಗಾಗಿ ಆಟ ಬದಲಿಸಲು ಬೋರ್ಡ್ ಕಿತ್ತು ಬೇರೆಯದನ್ನು ಸಿಕ್ಕಿಸಿದರೆ ಸಾಕು. ಬೋರ್ಡಿನ ಅಂಚಿನಲ್ಲಿ 56 ಪಿನ್ನು, ಮೇಲೆ 28, ಕೆಳಗೆ 28. ಮೇಲಿನ ಸಾಲಿನಲ್ಲಿ 1, 2, 27, 28 ಗ್ರೌಂಡ್. 3, 4 ಪ್ಲಸ್ 5 ವೋಲ್ಟ್. 5 ಮೈನಸ್ 5 ವೋಲ್ಟ್. 6 ಪ್ಲಸ್ 12 ವೋಲ್ಟ್. 7ನೇ ಜಾಗ ಖಾಲಿ, ಅಲ್ಲಿ ಪ್ಲಾಸ್ಟಿಕ್ ಕೀಲಿ ಇರುತ್ತದೆ. ಆ ಕೀಲಿ ಬಿದ್ದುಹೋಗಿದ್ದರೆ ಹೊಸದು ಹಾಕುವವರೆಗೆ ಬೋರ್ಡ್ ಸಿಕ್ಕಿಸಬೇಡಿ. ತಿರುವುಮುರುವು ಸಿಕ್ಕಿಸಿ ಬೋರ್ಡ್ ಕಳೆದುಕೊಂಡವರು ಬಹಳ ಮಂದಿ. ಪಿನ್ನು ಕಪ್ಪಾಗಿದ್ದರೆ ಮಕ್ಕಳ ಬಿಳಿ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಉಪ್ಪುಕಾಗದ ಬೇಡ, ಮೇಲಿನ ಲೇಪನವೇ ಕಿತ್ತುಬರುತ್ತದೆ. ಕೆಲವು ಐಸಿಗಳ ಮೇಲೆ ಗಾಜಿನ ಕಿಟಕಿ ಇದ್ದು ಅದಕ್ಕೆ ಸ್ಟಿಕ್ಕರ್ ಅಂಟಿಸಿರುತ್ತಾರೆ. ಆಟ ಬರೆದಿರುವುದು ಅದರೊಳಗೆ. ಬಿಸಿಲು ಬೀಳುತ್ತಾ ಹೋದರೆ ಅಳಿಸುತ್ತದೆ. ಸ್ಟಿಕ್ಕರ್ ಉದುರಿದ್ದರೆ ಅಂದೇ ಹೊಸದು ಅಂಟಿಸಿ.

ಬ್ಯಾಟರಿ ಇದೆಯೇ ಎಂದೂ ಈಗಲೇ ನೋಡಿ. ನಿಯೋ ಜಿಯೋದ ಪಾರ್ಲರ್ ಬೋರ್ಡುಗಳಲ್ಲಿ ರೀಚಾರ್ಜ್ ಆಗುವ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಕತ್ತರಿಸಿ ತೆಗೆಯಿರಿ, ಹಸಿರು ಕಿಲುಬಿಗೆ ಬಿಳಿ ವಿನೆಗರ್ ಹಚ್ಚಿ, ಆಮೇಲೆ ಆಲ್ಕೋಹಾಲಿನಿಂದ ತೊಳೆಯಿರಿ. ಕ್ಯಾಪ್‌ಕಾಂನ ಕೆಲವು ಬೋರ್ಡುಗಳದ್ದು ಇದಕ್ಕೆ ತದ್ವಿರುದ್ಧ. ನಮ್ಮಲ್ಲಿ ‘ಮುಸ್ತಫಾ’ ಎಂದೇ ಹೆಸರಾದ 1993ರ ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’ ಆಟದ ಅಸಲಿ ಬೋರ್ಡಿನಲ್ಲಿ ಬ್ಯಾಟರಿಯೇ ಆಟದ ಗೂಢಲಿಪಿ ಬಿಡಿಸುವ ಗುಟ್ಟಿನ ಸಂಕೇತವನ್ನು ಕಾಯುತ್ತದೆ; ಅದನ್ನು ಕಿತ್ತರೆ ಆಟ ನಿಲ್ಲುತ್ತದೆ. ತಿಳಿದವರನ್ನು ಕೇಳದೆ ಅದನ್ನು ಮುಟ್ಟಬೇಡಿ.

ಪವರ್ ಸಪ್ಲೈಗೆ ಗೇಮ್ ಮಷೀನಿಗೆಂದೇ ಬರುವ ಆರ್ಕೇಡ್ ಎಸ್‌ಎಂಪಿಎಸ್ ಕೊಳ್ಳಿ, ಅದರಲ್ಲಿ 5 ವೋಲ್ಟ್ ಹೊಂದಿಸುವ ತಿರುಪು ಇರುತ್ತದೆ. ಕಂಪ್ಯೂಟರಿನ ಎಸ್‌ಎಂಪಿಎಸ್‌ನಲ್ಲಿ ಆ ತಿರುಪು ಇಲ್ಲ, ಹೊಸವುಗಳಲ್ಲಿ ಮೈನಸ್ 5 ಕೂಡ ಇಲ್ಲ. ಬೋರ್ಡ್ ಜೋಡಿಸಿ, ಆಟ ಓಡುತ್ತಿರುವಾಗ, ಬೋರ್ಡಿನ ಮೇಲೆಯೇ ಅಳೆಯಿರಿ: 14 ಕಾಲಿನ 74 ಸರಣಿಯ ಐಸಿಗಳಲ್ಲಿ ಸಾಮಾನ್ಯವಾಗಿ 7ನೇ ಕಾಲು ಗ್ರೌಂಡ್, 14ನೇ ಕಾಲು 5 ವೋಲ್ಟ್. 4.95ರಿಂದ 5.10ರೊಳಗೆ ಇರಲಿ. ಸಪ್ಲೈ ಬಾಯಲ್ಲಿ 5 ಇದ್ದು ಬೋರ್ಡಿನಲ್ಲಿ 4.7 ಇದ್ದರೆ ವೈರು ಸಪೂರ ಅಥವಾ ಪಿನ್ನು ಸಡಿಲ. ಆಟ ಅರ್ಧಕ್ಕೇ ಮೊದಲಿನಿಂದ ಶುರುವಾಗುವುದು, ಪರದೆ ತುಂಬ ಚಿತ್ರಗಳು ಚೆಲ್ಲಾಪಿಲ್ಲಿಯಾಗುವುದು, ಇವುಗಳಿಗೆ ಎಷ್ಟೋ ಸಲ ಕಾರಣ ಇದೇ. ಬೋರ್ಡ್ ಸತ್ತಿದೆ ಎಂದು ಎಸೆಯುವ ಮೊದಲು ಇದೊಂದನ್ನು ಅಳೆದು ನೋಡಿ.

ಹ್ಯಾಂಡಲ್ ಮತ್ತು ಬಟನ್ನಿನ ಲೆಕ್ಕ ಸರಳ. ಪ್ರತಿ ಮೈಕ್ರೋಸ್ವಿಚ್ಚಿಗೆ ಮೂರು ಕಾಲು. ಕಾಮನ್ ಕಾಲಿಗೆ ಗ್ರೌಂಡ್, ನಾರ್ಮಲಿ ಓಪನ್ ಕಾಲಿಗೆ ಸಿಗ್ನಲ್. ತಪ್ಪಿ ನಾರ್ಮಲಿ ಕ್ಲೋಸ್ಡ್‌ಗೆ ಹಾಕಿದರೆ ಮುಟ್ಟದಿದ್ದರೂ ಆಟಗಾರ ತಾನೇ ಒಂದೇ ಕಡೆ ನಡೆಯುತ್ತಿರುತ್ತಾನೆ. ಗ್ರೌಂಡ್ ವೈರು ಒಂದು ಸ್ವಿಚ್ಚಿನಿಂದ ಇನ್ನೊಂದಕ್ಕೆ ಸರಪಳಿಯಂತೆ ಹೋಗಿರುತ್ತದೆ. ಮೊದಲ ಎರಡು ಬಟನ್ ಕೆಲಸ ಮಾಡಿ ಉಳಿದವು ಸತ್ತಿದ್ದರೆ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ತುಂಡಾಗಿದೆ. ಜಾಮಾದಲ್ಲಿ ಒಬ್ಬೊಬ್ಬರಿಗೆ ಮೂರೇ ಬಟನ್. 1991ರ ಸ್ಟ್ರೀಟ್ ಫೈಟರ್ 2ಕ್ಕೆ ಆರು ಬೇಕು, ಉಳಿದ ಮೂರು ಒದೆತದ ಬಟನ್ನಿಗೆ ಬೇರೆ ವೈರಿಂಗ್ ಎಳೆಯಬೇಕು. ಪ್ಯಾಕ್‌ಮ್ಯಾನ್‌ಗೆ ಎಂಟು ದಿಕ್ಕಿನ ಹ್ಯಾಂಡಲ್ ಹಾಕಿದರೆ ಮೂಲೆಗಳಲ್ಲಿ ತಡವರಿಸುತ್ತದೆ, ನಾಲ್ಕು ದಿಕ್ಕಿನದೇ ಬೇಕು. ಟೋಕನ್ ಹಾಕಿದರೂ ಕ್ರೆಡಿಟ್ ಏರದಿದ್ದರೆ ಜಾಮಾದ ಮೇಲಿನ ಸಾಲಿನ 16ನೇ ಪಿನ್ನನ್ನು ಕ್ಷಣಮಾತ್ರ ಗ್ರೌಂಡಿಗೆ ಮುಟ್ಟಿಸಿ. ಏರಿದರೆ ಬೋರ್ಡ್ ಸರಿ, ದೋಷ ಟೋಕನ್ ಬೀಳುವ ಜಾಗದ ತಂತಿ ಸ್ವಿಚ್ಚಿನಲ್ಲಿ. ಬಟನ್, ಸ್ವಿಚ್, ವೈರು ಬೆಂಗಳೂರಿನ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಹಳೆಯ ಬಟನ್ ಕೊಂಡೊಯ್ದು ಅಳತೆ ಹೊಂದಿಸಿಕೊಳ್ಳಿ: ಜಪಾನಿ ಬಟನ್ನಿನ ತೂತು 30 ಮಿಲಿಮೀಟರ್, ಅಮೆರಿಕದ್ದು ಸುಮಾರು 28.5.

ಚಿತ್ರದ ತೊಂದರೆಗಳಲ್ಲಿ ಬಹುಪಾಲು ಒಣಗಿದ ಕೆಪಾಸಿಟರಿನವು. ಚಿತ್ರದ ಮೇಲ್ಭಾಗ ಮಡಿಚಿಕೊಂಡಿದ್ದರೆ ಚಿತ್ರವನ್ನು ಮೇಲಿಂದ ಕೆಳಗೆ ಹರಡುವ ವರ್ಟಿಕಲ್ ಭಾಗದವು, ಅಡ್ಡ ಪಟ್ಟಿ ಮೇಲೆ ಕೆಳಗೆ ಹರಿಯುತ್ತಿದ್ದರೆ ಮೇನ್ ಫಿಲ್ಟರ್. ಅದೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್, 105 ಡಿಗ್ರಿಯವನ್ನೇ ತನ್ನಿ; ಪ್ಲಸ್ ಮೈನಸ್ ನೋಡಿ ಹಾಕಿ. ಪರದೆಯ ನಡುವೆ ಒಂದೇ ಬಿಳಿ ಅಡ್ಡಗೆರೆ ನಿಂತರೆ ತಕ್ಷಣ ಆರಿಸಿ, ಇಲ್ಲದಿದ್ದರೆ ಆ ಗೆರೆ ಗಾಜಿನ ಒಳಗಿನ ಹೊಳೆಯುವ ಲೇಪನದಲ್ಲಿ (ಫಾಸ್ಫರ್) ಸುಟ್ಟು ಉಳಿಯುತ್ತದೆ. ಟ್ಯೂಬಿನ ಕುತ್ತಿಗೆಗೆ ಹಾಕಿದ ತಂತಿ ಸುರುಳಿಯ (ಯೋಕ್) ಕನೆಕ್ಟರಿನ ಬೆಸುಗೆ ಬಿಟ್ಟಿದೆಯೇ ಎಂದು ಮೊದಲು ನೋಡಿ. ಟ್ಯೂಬು ನಿಜಕ್ಕೂ ಹೋಗಿದ್ದರೆ ಮಾತ್ರ ಎಲ್‌ಸಿಡಿ, ಜೊತೆಗೆ 15 ಕಿಲೋಹರ್ಟ್ಸ್ ಸಿಗ್ನಲನ್ನು ಕಂಪ್ಯೂಟರ್ ಪರದೆಯ ವಿಜಿಎಗೆ ಬದಲಿಸುವ ಜಿಬಿಎಸ್ 8200 ಬೋರ್ಡು. ಗೇಮ್ ಬೋರ್ಡಿನ ಬಣ್ಣದ ಸಿಗ್ನಲ್ ಅದಕ್ಕೆ ಜಾಸ್ತಿಯಾಗುತ್ತದೆ, ತಿರುಪಿನಲ್ಲಿ ತಗ್ಗಿಸಿ.

ಆರಿಸಿದ ಟ್ಯೂಬಿಗೆ ಓರೆಯಾಗಿ ಬೆಳಕು ಬಿಟ್ಟರೆ ಬೂದು ಗಾಜಿನಲ್ಲಿ ಸ್ಕೋರಿನ ಅಂಕಿಗಳು, ಕಾಯಿನ್ ಹಾಕಿ ಎಂಬ ಇಂಗ್ಲಿಷ್ ಅಕ್ಷರಗಳು ತಿಳಿಯಾಗಿ ಕಾಣಬಹುದು. ದಿನಾ ಹತ್ತು ಹನ್ನೆರಡು ಗಂಟೆ ಅದೇ ಚಿತ್ರ ನಿಂತು ಅಚ್ಚೊತ್ತಿದ್ದು ಅದು. ಆಟಕ್ಕೆ ಅಡ್ಡಿಯಾಗದಿದ್ದರೆ ಅದಕ್ಕಾಗಿ ಟ್ಯೂಬು ಬದಲಿಸಬೇಡಿ. ಆ ಪಾರ್ಲರಿನ ಗುರುತು ಬೇರೆಲ್ಲೂ ಉಳಿದಿರಲಿಕ್ಕಿಲ್ಲ.

ಎಲ್ಲ ಸರಿಯಾದ ಮೇಲೆ ಬೋರ್ಡಿನ ಮೇಲೆ ಸಾಲಾಗಿರುವ ಪುಟ್ಟ ಡಿಪ್ ಸ್ವಿಚ್ಚುಗಳಲ್ಲಿ ‘ಡೆಮೊ ಸೌಂಡ್’ ಹುಡುಕಿ ಆನ್ ಮಾಡಿ. ಕೆಲವು ಬೋರ್ಡುಗಳಲ್ಲಿ ಇದು ಆಫ್ ಆಗಿರುತ್ತದೆ. ಆನ್ ಆದರೆ ಯಾರೂ ಆಡದಿದ್ದಾಗಲೂ ಮಷೀನ್ ತಾನೇ ಸದ್ದು ಮಾಡುತ್ತಿರುತ್ತದೆ. ಪಾರ್ಲರಿನ ಬಾಗಿಲಲ್ಲೇ ಕೇಳಿಸುತ್ತಿದ್ದ ಗದ್ದಲ ಅದೇ. ‘ಫ್ರೀ ಪ್ಲೇ’ ಬೇಡ, ಒಂದು ಟೋಕನ್‌ಗೆ ಒಂದು ಕ್ರೆಡಿಟ್ ಇಡಿ, ಒಂದು ಹಿಡಿ ಟೋಕನ್ ಪಕ್ಕದಲ್ಲಿರಲಿ. ಮೊದಲ ದಿನ ಎರಡು ಗಂಟೆ ಓಡಿಸಿ, ಅರ್ಧ ಗಂಟೆಗೊಮ್ಮೆ ಎಸ್‌ಎಂಪಿಎಸ್ ಹತ್ತಿರ ಕೈಯೊಡ್ಡಿ ಬಿಸಿ ನೋಡಿ. ಎದ್ದು ಹೋಗುವಾಗ ಪ್ಲಗ್ ತೆಗೆಯಿರಿ.