ಅಜ್ಜಿಯ ಬಿಳಿ ಸೀರೆಗೆ ಯಾವ ಪೇಪರ್?

ನಮ್ಮಜ್ಜಿ ಹೊಸ್ತಿಲ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿರುವ ಒಂದು ನೆಗೆಟಿವ್ ನನ್ನ ಬಳಿ ಇದೆ. ಮೈಮೇಲೆ ಬಿಳಿ ಹತ್ತಿ ಸೀರೆ, ಹಿಂದೆ ಕತ್ತಲ ನಡುಮನೆ, ಅಲ್ಲೊಂದು ಹಿತ್ತಾಳೆ ಕೊಳಗ. ಡಾರ್ಕ್‌ರೂಮ್ ಪೇಪರ್, ಅಂದರೆ ನೆಗೆಟಿವ್‌ನಿಂದ ಫೋಟೊ ಪ್ರಿಂಟ್ ಹಾಕುವ ಕಾಗದದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಈ ಒಂದು ಚಿತ್ರವನ್ನು ಮತ್ತೆ ಮತ್ತೆ ಪ್ರಿಂಟ್ ಹಾಕಿ ಕಲಿತಿದ್ದು.

ಮೊದಲು ತಂದಿದ್ದು ಇಲ್‌ಫೋರ್ಡ್ ಕಂಪನಿಯ ಮಲ್ಟಿಗ್ರೇಡ್ ಆರ್‌ಸಿ (ರೆಸಿನ್ ಕೋಟೆಡ್) ಪೇಪರ್. ಎರಡೂ ಬದಿ ಪ್ಲಾಸ್ಟಿಕ್ ಲೇಪ ಇರುವುದರಿಂದ ಕಾಗದ ನೀರು ಕುಡಿಯುವುದಿಲ್ಲ. ಚಿತ್ರ ಮೂಡಿಸುವ ದ್ರಾವಣ ಡೆವಲಪರ್‌ನಲ್ಲಿ 1 ನಿಮಿಷ, ಕೊನೆಗೆ 2 ನಿಮಿಷ ತೊಳೆದರೆ ಸಾಕು. ಹಗ್ಗಕ್ಕೆ ಕ್ಲಿಪ್ ಹಾಕಿದರೆ ಬೇಗ ಒಣಗುತ್ತದೆ. ಮಲ್ಟಿಗ್ರೇಡ್ ಆದ್ದರಿಂದ ಗ್ರೇಡಿಗೊಂದು (ಕಪ್ಪು-ಬಿಳುಪಿನ ಅಂತರದ ಮಟ್ಟಕ್ಕೊಂದು) ಡಬ್ಬ ಬೇಕಿಲ್ಲ. 00ಯಿಂದ 5ರವರೆಗೆ ಫಿಲ್ಟರ್ ಬದಲಿಸಿದರೆ ಆಯಿತು. ಕಲಿಯುವವರು ಇದರಲ್ಲೇ ಶುರು ಮಾಡಲಿ, ಅದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಅಜ್ಜಿಯ ಚಿತ್ರ ಪ್ಲಾಸ್ಟಿಕ್ ಲೇಪ ಇಲ್ಲದ ಫೈಬರ್ ಪೇಪರ್ ಕೇಳುತ್ತಿತ್ತು. ಕೈಯಲ್ಲಿ ಹಿಡಿದರೆ ಕಾಗದ ಅನ್ನಿಸಬೇಕು ಅಲ್ವಾ? ಅದರಲ್ಲಿ ಮೊದಲ ಸಲವೇ ಎಡವಿದೆ. ಒಂದೇ ತುಂಡಿನ ಪಟ್ಟಿಪಟ್ಟಿಗೂ ಬೇರೆ ಬೇರೆ ಹೊತ್ತು ಬೆಳಕು ಬಿಟ್ಟು ನೋಡುವ ಟೆಸ್ಟ್ ಸ್ಟ್ರಿಪ್ ಹಾಕಿದೆ, ಒದ್ದೆ ಇರುವಾಗಲೇ ಬಲ್ಬ್ ಕೆಳಗೆ ನೋಡಿದೆ. 20 ಸೆಕೆಂಡಿನ ಪಟ್ಟಿಯಲ್ಲಿ ಸೀರೆಯ ನೆರಿಗೆ ಒಂದೊಂದೂ ಕಾಣುತ್ತಿತ್ತು. ಖುಷಿಯಿಂದ ಪೂರ್ತಿ ಪ್ರಿಂಟ್ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಸೀರೆ ಮಾಸಲು, ಕೊಳಗ ಕತ್ತಲಲ್ಲಿ ಮಾಯ.

ಫೈಬರ್ ಪೇಪರ್ ಒಣಗಿದ ಮೇಲೆ ಒಂದಿಷ್ಟು ಕಪ್ಪಾಗುತ್ತದೆ. ಇದಕ್ಕೆ ಡ್ರೈ-ಡೌನ್ ಅನ್ನುತ್ತಾರೆ. ಎಷ್ಟು ಅನ್ನುವುದು ಪೇಪರಿನಿಂದ ಪೇಪರಿಗೆ ಬೇರೆ. ಈಗ ನಾನು ಟೆಸ್ಟ್ ಸ್ಟ್ರಿಪ್ಪನ್ನು ಹೇರ್ ಡ್ರೈಯರ್‌ನಲ್ಲಿ ಒಣಗಿಸಿ, ಕಿಟಕಿ ಬೆಳಕಲ್ಲಿ ನೋಡಿದ ಮೇಲೇ ಸಮಯ ಬರೆದುಕೊಳ್ಳುತ್ತೇನೆ. ಎರಡು ಪೇಪರ್ ಹೋಲಿಸುವಾಗಲೂ ಅಷ್ಟೇ, ಒದ್ದೆ ಪ್ರಿಂಟನ್ನು ನಂಬುವುದಿಲ್ಲ.

ಬೆಚ್ಚನೆ ಛಾಯೆ ಕೊಡುವ ವಾರ್ಮ್‌ಟೋನ್ ಪೇಪರ್ ಕೂಡ ಹಾಕಿ ನೋಡಿದೆ. ಅಜ್ಜಿಯ ಮುಖ, ಕೈಯ ಸುಕ್ಕು ತುಂಬ ಚೆನ್ನಾಗಿ ಬಂತು. ಸೀರೆ ಮಾತ್ರ ಕೆನೆ ಬಣ್ಣಕ್ಕೆ ತಿರುಗಿತು. ಅವರು ನೀಲಿ ಹಾಕಿ ಒಗೆಯುತ್ತಿದ್ದರು, ಆ ಬಿಳುಪೇ ಬೇರೆ. ಹಾಗಾಗಿ ಇಲ್‌ಫೋರ್ಡ್‌ನದೇ ಫೈಬರ್ ಪೇಪರ್ ಎಫ್‌ಬಿ ಕ್ಲಾಸಿಕ್‌ಗೆ ಬಂದೆ. ಅದರ ಹೊಳಪಿಲ್ಲದ ಮ್ಯಾಟ್‌ನಲ್ಲಿ ನಡುಮನೆಯ ಕಪ್ಪು ಬೂದಿ ಬೂದಿ ಅನ್ನಿಸಿತು. ಗ್ಲಾಸಿಯನ್ನು ಸುಮ್ನೆ ಗಾಳಿಗೆ ಒಣಗಿಸಿದರೆ ಕನ್ನಡಿ ಹೊಳಪು ಬರುವುದಿಲ್ಲ, ಕಪ್ಪು ಆಳವಾಗಿಯೇ ಉಳಿಯುತ್ತದೆ.

ಫೈಬರ್‌ನ ನಿಜವಾದ ಕಷ್ಟ ನೀರು. ಬರೀ ನೀರಲ್ಲೇ ತೊಳೆಯುವುದಾದರೆ ಒಂದು ಗಂಟೆ ನಲ್ಲಿ ಬಿಡಬೇಕು. ಬೆಂಗಳೂರಿನ ಬೇಸಿಗೆಯಲ್ಲಿ, ಟ್ಯಾಂಕರ್ ನೀರು ಕೊಳ್ಳುವ ಮನೆಯಲ್ಲಿ ಅದಕ್ಕೆ ಮನಸ್ಸು ಬರುವುದಿಲ್ಲ. ನಾನು ಇಲ್‌ಫೋರ್ಡ್‌ನವರೇ ಹೇಳುವ ಕ್ರಮ ಹಿಡಿದಿದ್ದೇನೆ: ಚಿತ್ರವನ್ನು ಸ್ಥಿರಗೊಳಿಸುವ ಫಿಕ್ಸರ್‌ನಲ್ಲಿ (1 ಪಾಲಿಗೆ 4 ಪಾಲು ನೀರು) 1 ನಿಮಿಷ, 5 ನಿಮಿಷ ತೊಳೆಯುವುದು, ಫಿಕ್ಸರನ್ನು ಬೇಗ ಬಿಡಿಸುವ ವಾಶ್‌ಏಡ್‌ನಲ್ಲಿ 10 ನಿಮಿಷ, ಮತ್ತೆ 5 ನಿಮಿಷ ನೀರು. ಫಿಕ್ಸರ್‌ನಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಅದು ಕಾಗದದ ನಾರಿಗೆ ಇಳಿದುಬಿಡುತ್ತದೆ, ಆಮೇಲೆ ಇಷ್ಟು ತೊಳೆದರೆ ಸಾಲದು.

ಹಳೆ ಪೇಪರ್ ಅಗ್ಗಕ್ಕೆ ಸಿಕ್ಕರೆ ಪೇಪರಿಗೆ ಹಾನಿ ಮಾಡದ ಡಾರ್ಕ್‌ರೂಮ್ ದೀಪ ಸೇಫ್‌ಲೈಟಿನಲ್ಲಿ ಒಂದು ಪಟ್ಟಿ ಕತ್ತರಿಸಿ ಎರಡು ತುಂಡು ಮಾಡಿ. ಒಂದು ನೇರ ಫಿಕ್ಸರ್‌ಗೆ, ಇನ್ನೊಂದು ಡೆವಲಪರ್‌ಗೆ ಹಾಕಿ ಆಮೇಲೆ ಫಿಕ್ಸರ್‌ಗೆ. ಎರಡನೆಯದು ಬೂದಿ ಬಣ್ಣಕ್ಕೆ ಬಂದರೆ ಆ ಪೇಪರಿನಲ್ಲಿ ಬಿಳಿ ಸೀರೆ ಬರುವುದಿಲ್ಲ.

ಈಗ ಗೋಡೆ ಮೇಲಿರುವ ಪ್ರಿಂಟಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ: ಎಫ್‌ಬಿ ಕ್ಲಾಸಿಕ್ ಗ್ಲಾಸಿ, 8x10 ಇಂಚು, ಫಿಲ್ಟರ್ 2½, 18.5 ಸೆಕೆಂಡ್. ಕೊಳಗದ ಅಂಚು ಕಾಣುತ್ತದೆ.