ಬೀಗ ಒಡೆದದ್ದು ನಾನೇ

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ, ಕನ್ನಡ ಮಾಧ್ಯಮದ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಕಂಪ್ಯೂಟರ್ ಕೋಣೆಯ ಹೊಣೆಯೂ ನನ್ನದೇ. ಮಕ್ಕಳ ಲ್ಯಾಪ್‌ಟಾಪ್‌ಗಳಲ್ಲೆಲ್ಲ ಕೇರಳ ಸರ್ಕಾರದ ಶಾಲಾ ತಂತ್ರಜ್ಞಾನ ಸಂಸ್ಥೆಯಾದ ಕೈಟ್‌ನ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಇದೆ. ಕೇರಳದ ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶವೇ ರೂಢಿಯಾದ್ದರಿಂದ, 2018ರಲ್ಲಿ ಶುರುವಾದ ‘ಲಿಟಲ್ ಕೈಟ್ಸ್’ ಕ್ಲಬ್ಬಿನ ನಮ್ಮ ಮಕ್ಕಳು ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ಲಿನ ಕಪ್ಪು ಪರದೆಗೆ ಹೆದರುವುದಿಲ್ಲ. ಮೂಲೆಯಲ್ಲಿ ಪ್ರಿಂಟರಿಗೆ ಜೋಡಿಸಿದ ಒಂದು ಹಳೆಯ ಡೆಸ್ಕ್‌ಟಾಪ್ ಮಾತ್ರ ಬೇರೆ. ಅದಕ್ಕೆ ಲಿನಕ್ಸಿನದೇ ಒಂದು ರೂಪವಾದ ಉಬುಂಟು 22.04 ಹಾಕಿದವನು ನಾನು. ಕೆಡಿಸಿದವನೂ ನಾನೇ.

ಆಟಿ ತಿಂಗಳ ಒಂದು ಸಂಜೆ. ಮಕ್ಕಳ ಕೈಬರಹ ಪತ್ರಿಕೆಯ ಮುಖಪುಟಕ್ಕೆ ‘ನವಿಲು’ ಅಕ್ಷರ ಬೇಕಿತ್ತು. ಕೈಯಿಂದ ಬರೆದಂತೆ ಕಾಣುವ ಕನ್ನಡ ಫಾಂಟ್ ಅದು. ಉಬುಂಟುವಿನ ತಂತ್ರಾಂಶ ಭಂಡಾರದಲ್ಲೇ ‘ಫಾಂಟ್ಸ್-ನವಿಲು’ ಎಂಬ ಹೆಸರಿನಲ್ಲಿ ಸಿಗುತ್ತದೆ. ‘ಏಪ್ಟ್ ಇನ್‌ಸ್ಟಾಲ್’ ಎಂದು ಕೊಟ್ಟೆ. (ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ, ಟೈಪ್ ಮಾಡಬೇಕಾದದ್ದು ಇಂಗ್ಲಿಷ್ ಅಕ್ಷರಗಳಲ್ಲೇ.) ಬೀಗ ಸಿಗಲಿಲ್ಲ, ಅದು ‘ಅನ್‌ಅಟೆಂಡೆಡ್-ಅಪ್‌ಗ್ರೇಡ್’ ಎಂಬ ಪ್ರಕ್ರಿಯೆಯ ಕೈಯಲ್ಲಿದೆ ಎಂಬ ಉತ್ತರ ಬಂತು.

ಈ ಬೀಗ ಏನೆಂದು ಹೇಳದಿದ್ದರೆ ನನ್ನ ತಪ್ಪಿನ ಗಾತ್ರ ತಿಳಿಯುವುದಿಲ್ಲ. ಮದುವೆ ಮನೆಯ ಉಗ್ರಾಣವನ್ನು ನೆನಪಿಸಿಕೊಳ್ಳಿ. ಪೇಟೆಗೆ ಹೋಗಿ ಸಾಮಾನು ತರುವವನೊಬ್ಬ, ಅದು ಏಪ್ಟ್. ಉಗ್ರಾಣದ ಒಳಗೆ ಕುಳಿತು ಏನು ಬಂತು, ಎಲ್ಲಿಟ್ಟೆ ಎಂದು ಬರೆದುಕೊಳ್ಳುವವನು ಇನ್ನೊಬ್ಬ, ಅದು ಡಿಪಿಕೆಜಿ. ಒಂದು ಹೊತ್ತಿಗೆ ಒಬ್ಬನೇ ಒಳಗಿರಬೇಕೆಂದು ಬೀಗ. ಆ ಸಂಜೆ ಯಂತ್ರ ತನ್ನಷ್ಟಕ್ಕೆ ಭದ್ರತೆಯ ಅಪ್‌ಡೇಟುಗಳನ್ನು ಹಾಕಿಕೊಳ್ಳುತ್ತಿತ್ತು. ಹತ್ತು ನಿಮಿಷ ಕಾದಿದ್ದರೆ ಬೀಗ ತಾನಾಗಿ ಬಿಡುತ್ತಿತ್ತು. ನನಗೆ ಐದು ಗಂಟೆಯ ಬಸ್ಸಿತ್ತು. ಎಲ್ಲೋ ಓದಿದ್ದ ಒಳದಾರಿಯಂತೆ ಬೀಗದ ಫೈಲುಗಳನ್ನೇ ಅಳಿಸಿ ಮತ್ತೆ ಆಜ್ಞೆ ಕೊಟ್ಟೆ. ಈಗ ಉಗ್ರಾಣದೊಳಗೆ ಇಬ್ಬರು, ಲೆಕ್ಕದ ಪುಸ್ತಕ ಒಂದೇ. ಅಷ್ಟು ಸಾಲದೆಂಬಂತೆ ಒಂದು ಸಿಡಿಲು, ಕರೆಂಟು ಹೋಯಿತು. ಯುಪಿಎಸ್‌ನ ಬ್ಯಾಟರಿ ಸತ್ತು ವರ್ಷವಾಗಿತ್ತು.

ಮರುದಿನ ಜಿಲ್ಲೆಗೆ ರೆಡ್ ಅಲರ್ಟ್, ಶಾಲೆಗೆ ಮಳೆ ರಜೆ. ಒದ್ದೆಯಾಗಿಕೊಂಡು ಹೋಗಿ ಯಂತ್ರ ಹಚ್ಚಿದೆ. ಪರದೆ ಎಂದಿನಂತೆಯೇ ಬಂತು, ಆದರೆ ಏಪ್ಟ್ ಒಂದೇ ಮಾತು ಹೇಳಿತು: ಡಿಪಿಕೆಜಿಯ ಕೆಲಸ ನಡುವೆ ನಿಂತಿದೆ, ‘ಡಿಪಿಕೆಜಿ --ಕಾನ್ಫಿಗರ್ -ಎ’ ಎಂದು ನೀವೇ ಕೊಡಿ. ಹತ್ತರಲ್ಲಿ ಒಂಬತ್ತು ಸಲ ಅಷ್ಟಕ್ಕೇ ಸರಿಯಾಗುತ್ತದೆ. ನನ್ನದು ಹತ್ತನೆಯದು. ಡಿಪಿಕೆಜಿಯ ಲೆಕ್ಕದ ಪುಸ್ತಕವಾದ ‘ಸ್ಟೇಟಸ್’ ಫೈಲನ್ನು ಓದುವಾಗ ಇಂಥ ಸಾಲಿನ ಹತ್ತಿರ ದೋಷವಿದೆ ಎಂದು ಹೇಳಿ ಅದು ಕೈಬಿಟ್ಟಿತು.

ಗಾಬರಿಯಲ್ಲಿ ಎಲ್ಲವನ್ನೂ ಅಳಿಸಿ ಹೊಸದಾಗಿ ಉಬುಂಟು ಹಾಕಿಬಿಡೋಣವೆಂದು ಪೆನ್‌ಡ್ರೈವ್ ಹುಡುಕತೊಡಗಿದ್ದೆ. ಅಷ್ಟರಲ್ಲಿ ಚೆರ್ವತ್ತೂರು ಕಡೆಯ ಒಬ್ಬ ಹಿರಿಯ ಮಾಷ್ಟ್ರ ನೆನಪಾಯಿತು. ತರಬೇತಿಗಳಲ್ಲಿ ನಮಗೆ ಪಾಠ ಹೇಳಿದವರು. ಫೋನ್ ಮಾಡಿದೆ.

“ಮಾಷೇ, ಯಂತ್ರವೇ ಸಾಲಿನ ಸಂಖ್ಯೆ ಹೇಳಿದೆಯಲ್ಲ, ಆ ಸಾಲಿಗೆ ಹೋಗಿ ನೋಡಿದಿರಾ?” ಎಂದು ಮಲಯಾಳದಲ್ಲಿ ಕೇಳಿದರು.

ನೋಡಿರಲಿಲ್ಲ. ನೋಡಬಹುದೆಂದೇ ಹೊಳೆದಿರಲಿಲ್ಲ.

ಪೆನ್‌ಡ್ರೈವ್ ಬೇರೆ ಕೆಲಸಕ್ಕೆ ಬಂತು. ಅವರು ಹೇಳಿದಂತೆ, ‘ವಾರ್’ ಫೋಲ್ಡರಿನ ‘ಲಿಬ್’ ಒಳಗಿರುವ ‘ಡಿಪಿಕೆಜಿ’ ಫೋಲ್ಡರನ್ನು ಮೊದಲು ಇದ್ದ ಹಾಗೆಯೇ ಅದಕ್ಕೆ ನಕಲು ಮಾಡಿಕೊಂಡೆ. ಆಮೇಲೆ ಸ್ಟೇಟಸ್ ಫೈಲನ್ನು ತೆರೆದೆ. ಅದು ಬರೀ ಪಠ್ಯ. ಒಂದೊಂದು ಪ್ಯಾಕೇಜಿಗೆ, ಅಂದರೆ ತಂತ್ರಾಂಶದ ಕಟ್ಟಿಗೆ, ಒಂದೊಂದು ಕಂಡಿಕೆ, ನಡುವೆ ಒಂದು ಖಾಲಿ ಸಾಲು. ಹೆಸರು, ಆವೃತ್ತಿ, ‘ಇನ್‌ಸ್ಟಾಲ್ ಓಕೆ ಇನ್‌ಸ್ಟಾಲ್ಡ್’ ಎಂಬ ಸ್ಥಿತಿ. ದೋಷದ ಸಾಲಿನಲ್ಲಿ ಒಂದು ಪ್ಯಾಕೇಜಿನ ವಿವರಣೆ ಪದದ ನಡುವೆಯೇ ತುಂಡಾಗಿ, ಮುಂದೆ ‘@’ ಗುರುತುಗಳ ಸಾಲು. ಅಕ್ಷರಗಳಿರಬೇಕಾದಲ್ಲಿ ಬರೀ ಸೊನ್ನೆ ತುಂಬಿತ್ತೆಂದು ಅದರ ಅರ್ಥ. ಪಕ್ಕದಲ್ಲೇ ‘ಸ್ಟೇಟಸ್-ಓಲ್ಡ್’ ಎಂಬ ಹಿಂದಿನ ಪ್ರತಿ ಇರುತ್ತದೆ. ಸಾಮಾನ್ಯವಾಗಿ ಅದನ್ನು ಸ್ಟೇಟಸ್ ಜಾಗಕ್ಕೆ ಹಾಕಿದರೆ ಮುಗಿಯಿತು. ಇಬ್ಬರು ಒಟ್ಟಿಗೆ ಬರೆದ ಪುಣ್ಯಕ್ಕೆ ನನ್ನಲ್ಲಿ ಅದೂ ಹಾಳಾಗಿತ್ತು.

ಉಳಿದದ್ದು ‘ವಾರ್’ ಒಳಗಿನ ‘ಬ್ಯಾಕಪ್ಸ್’ ಫೋಲ್ಡರ್. ಸ್ಟೇಟಸ್ ಫೈಲಿನ ನಕಲನ್ನು ಯಂತ್ರ ಅಲ್ಲಿ ತಾನಾಗಿ ತೆಗೆದಿಡುತ್ತದೆ. ತೀರಾ ಹೊಸದರ ಕೊನೆಯಲ್ಲಿ ಸೊನ್ನೆ ಎಂಬ ಅಂಕಿ ಇರುತ್ತದೆ, ಹಳೆಯವು ಜಿಪ್ ಆಗಿ ಒಂದು, ಎರಡು ಎಂದು ಸಾಗುತ್ತವೆ. ಸೊನ್ನೆಯ ಪ್ರತಿ ಅವಘಡಕ್ಕಿಂತ ಮುಂಚಿನದು. ತೆರೆದು ಕೊನೆಯ ಸಾಲಿನವರೆಗೆ ಕಣ್ಣಾಡಿಸಿ, ಸ್ಟೇಟಸ್ ಎಂದು ಹೆಸರಿಟ್ಟು ಕೂರಿಸಿದೆ. ಮತ್ತೆ ‘ಕಾನ್ಫಿಗರ್ -ಎ’. ಈ ಸಲ ತುಟಿಪಿಟಕ್ಕೆನ್ನದೆ ಮುಗಿಯಿತು.

ಗೆದ್ದೆ ಎಂದುಕೊಂಡು ‘ಏಪ್ಟ್ ಅಪ್‌ಗ್ರೇಡ್’ ಕೊಟ್ಟೆ. ಹಳೆಯ ಲೆಕ್ಕ ಕೂರಿಸಿದ ಮೇಲೆ ಇದು ಬೇಕೇಬೇಕು. ಹಿಂದಿನ ಸಂಜೆ ಬದಲಾದ ಪ್ಯಾಕೇಜುಗಳ ಫೈಲುಗಳು ಹೊಸವು, ಪುಸ್ತಕದಲ್ಲಿ ಬರೆದಿರುವುದು ಹಳೆಯದು. ಇನ್ನೊಮ್ಮೆ ಹಾಕಿದರೆ ಎರಡೂ ತಾಳೆಯಾಗುತ್ತವೆ. ‘ರೀಡಿಂಗ್ ಡೇಟಾಬೇಸ್’ ಎಂದು ಶೇಕಡಾ ಐದೈದರಂತೆ ಏರುತ್ತಾ 65ಕ್ಕೆ ಬಂದು ನಿಂತಿತು. ಮುದ್ರಣಕ್ಕೆ ಬೇಕಾದ ‘ಲಿಬ್‌ಕಪ್ಸ್2’ ಪ್ಯಾಕೇಜಿನ ಫೈಲುಗಳ ಪಟ್ಟಿಗೆ ಕೊನೆಯ ಹೊಸಸಾಲು (ಸಾಲು ಮುಗಿಯಿತೆಂಬ ಗುರುತು) ಇಲ್ಲ, ಮುಂದುವರಿಯಲಾರೆ ಎಂದಿತು.

ಈ ದೂರನ್ನು ಅಕ್ಷರಶಃ ನಂಬಿ, ಫೈಲಿನ ಕೊನೆಗೆ ಎಂಟರ್ ಒತ್ತಿ ಉಳಿಸುವವರಿದ್ದಾರೆ. ಅದು ಹುಣ್ಣಿನ ಮೇಲೆ ಬಟ್ಟೆ ಮುಚ್ಚಿದಂತೆ. ‘ಇನ್ಫೊ’ ಎಂಬ ಫೋಲ್ಡರಿನಲ್ಲಿ ಪ್ರತಿ ಪ್ಯಾಕೇಜಿಗೂ ‘ಲಿಸ್ಟ್’ ಎಂದು ಕೊನೆಯಾಗುವ ಒಂದು ಫೈಲು ಇರುತ್ತದೆ. ಆ ಪ್ಯಾಕೇಜು ಡಿಸ್ಕಿನಲ್ಲಿ ಎಲ್ಲೆಲ್ಲಿ ಏನೇನು ಇಟ್ಟಿದೆ ಎಂಬ ವಿವರ ಅದರಲ್ಲಿ. ಲಿಬ್‌ಕಪ್ಸ್2ರ ಪಟ್ಟಿಯಲ್ಲಿ ಒಂದು ಫೈಲಿನ ವಿಳಾಸವೂ ಇರಲಿಲ್ಲ, ಮೊದಲಿನಿಂದ ಕೊನೆಯವರೆಗೆ ಅದೇ ಸೊನ್ನೆ. ಫೈಲನ್ನು ಅಲ್ಲಿಂದ ಹೊರಗೆ ಸಾಗಿಸಿ ಅಪ್‌ಗ್ರೇಡನ್ನು ಪುನಃ ಕೊಟ್ಟೆ. ಪಟ್ಟಿ ಕಾಣೆಯಾಗಿದೆ, ಈ ಪ್ಯಾಕೇಜಿನ ಯಾವ ಫೈಲೂ ಸದ್ಯ ಇಲ್ಲವೆಂದು ಭಾವಿಸುತ್ತೇನೆ ಎಂದು ಎಚ್ಚರಿಕೆ ಕೊಟ್ಟು ಡಿಪಿಕೆಜಿ ಮುಂದೆ ಹೋಯಿತು. ಲಿಬ್‌ಕಪ್ಸ್2 ಮತ್ತೆ ಬಿಚ್ಚಿಕೊಂಡಾಗ ಪಟ್ಟಿ ಹೊಸದಾಗಿ ಬರೆಯಲ್ಪಟ್ಟಿತು. ಅಪ್‌ಗ್ರೇಡಿನ ಸರದಿಯಲ್ಲಿ ಇಲ್ಲದ ಪ್ಯಾಕೇಜಾಗಿದ್ದರೆ ‘ಏಪ್ಟ್ ಇನ್‌ಸ್ಟಾಲ್ --ರೀಇನ್‌ಸ್ಟಾಲ್’ ಎಂದು ಹೆಸರು ಹೇಳಿ ಹಾಕಬೇಕಾಗಿತ್ತು.

‘ಡಿಪಿಕೆಜಿ --ಆಡಿಟ್’ ಕೊಟ್ಟೆ. ಅರ್ಧಕ್ಕೆ ನಿಂತ ಪ್ಯಾಕೇಜುಗಳಿದ್ದರೆ ಅದು ಪಟ್ಟಿ ಕೊಡುತ್ತದೆ, ಇಲ್ಲದಿದ್ದರೆ ಏನೂ ಹೇಳುವುದಿಲ್ಲ. ಏನೂ ಹೇಳಲಿಲ್ಲ. ಏಪ್ಟ್ ದಿನಚರಿ ಬರೆದಿಡುವ ‘ಹಿಸ್ಟರಿ ಲಾಗ್’ ಅನ್ನು ತೆರೆದು ಹಿಂದಿನ ಸಂಜೆಯ ಹೆಸರುಗಳನ್ನು ಒಂದೊಂದಾಗಿ ಹೊಂದಿಸಿ ನೋಡಿದೆ. ಬಿಟ್ಟುಹೋದದ್ದು ಒಂದೇ, ಫಾಂಟ್ಸ್-ನವಿಲು. ಅದು ಹಾಕಿಕೊಳ್ಳಲು ತೆಗೆದುಕೊಂಡದ್ದು ನಾಲ್ಕು ಸೆಕೆಂಡು.

ಶಾಲೆ ತೆರೆದ ದಿನ ಮುಖಪುಟದ ಪ್ರತಿ ಹೊರಬಂತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ಹಿಡಿದು ನೋಡಿ, “ಸರ್, ಕೈಬರಹ ಪತ್ರಿಕೆಗೆ ಕೈಬರಹದ ಫಾಂಟ್ ಯಾಕೆ? ನಾನೇ ಬರೆಯುತ್ತಿದ್ದೆನಲ್ಲ” ಎಂದಳು.